ಆರಾರ್ಲೆ

ಅಂಕಿಗೆ ಹತ್ತು ರೂಪಾಯಿ. ಬಣ್ಣ ನಂದು, ಬ್ರಷ್ ನಂದು,
ಗ್ವಾಡಿ ನಿಮ್ಮದು.
ವಡಗಾವಿಯ ಗಲ್ಲಿಯೊಳಗ
ಮನಿ ನಂಬರ ಬರಕೋತ ಹೊಂಟಿದ್ದೆ,
ಮಗ್ಗದ ಸಪ್ಪಳಕ್ಕ ಕೈ ತಾನ ತಾಳ ಹಿಡಕೊಂಡು.
ಮೂವತ್ತೈದರ ತನಕ ಏನೂ ತಕರಾರು ಬರಲಿಲ್ಲ.

ಮೂವತ್ತಾರಕ್ಕ ಬಾಗಲಾ ಎರಡು.
ಒಂದ ಮನಿ, ನಡುವ ಹನ್ನೊಂದು ವರ್ಷದ ಗ್ವಾಡಿ,
ನಳದ ನೀರಿನ ಸಲುವಾಗಿ ಎದ್ದದ್ದು.
ಕಾರ್ಪೋರೇಷನ್ನಿನವರು ಕೊಟ್ಟ ನಂಬರ ಮಾತ್ರ ಒಂದ.
ಎಡಕ್ಕ ದುಂಡವ್ವ:
"ಕನ್ನಡದಾಗ ಬರಿ, ದೊಡ್ಡದಾಗಿ."
ಬಲಕ್ಕ ಇಂದೂತಾಯಿ ಕಾಲಕುಂದ್ರಿಕರ:
"ಮರಾಠಿಯಾಗ. ಆಕಿದಕ್ಕಿಂತ ಬೆರಳಷ್ಟು ಮ್ಯಾಲೆ."

ಬರದೆ. ಹಿಂದಕ್ಕ ಸರದು ನೋಡಿದೆ.
ಬಲಗಡಿ ಗ್ವಾಡಿಮ್ಯಾಲೆ ಮೂರು, ಆರಿಗೆ ಬೆನ್ನು ಕೊಟ್ಟು
ಒಂದು ಪಡುವಲಕ್ಕ, ಒಂದು ಮೂಡಲಕ್ಕ ನೋಡಕೋತ ನಿಂತಿತ್ತು.
ಮಾತು ಬಿಟ್ಟವರನ್ನ ಕಂಡ್ರ ಈ ಊರಾಗ ಅಂತಾರಲ್ಲ,
"ಅವರದು ಛತ್ತೀಸದ ಆಕಡಾ" ಅಂತ, ಅದು ಇದ.
ಎಡಗಡಿ ಕನ್ನಡದ ಮೂರು, ಕನ್ನಡದ ಆರು,
ಮಾರಿ ಒಂದ ನಮೂನಿ, ಬಾಲ ಬ್ಯಾರೆ,
ಕೊಡಾ ಹಿಡಕೊಂಡು ಪಾಳಿಗೆ ನಿಂತ ಅಕ್ಕ ತಂಗಿ.

ಎದುರಿನ ಕಟ್ಟಿಮ್ಯಾಲೆ ಕಲ್ಲೋಳಿ ಮಾಸ್ತರ್ರು.
ಮುಂದ ಹುಣಸಿಬೀಜದ ಗುಂಪಿ,
ಬಾಜೂಕ ದುಂಡವ್ವನ ಮೊಮ್ಮಗಳು ತನುಜಾ.
"ಆರಾರ್ಲೆ?" ಅಂತ ಅವರು ಕೇಳೂದರಾಗ
ಆರು ಸಾಲು, ಸಾಲಿಗೆ ಆರು, ಚೌಕಾ ತಯಾರ.
"ಈಗ ಇದನ್ನ ಕೆಡಸು. ಒಂದು ಇಡು. ಕೆಳಗ ಎರಡು. ಕೆಳಗ ಮೂರು."
ಎಂಟನೇ ಸಾಲಿಗೆ ಎಂಟು ಇಟ್ಟಾಗ
ಕೈಯಾಗ ಒಂದೂ ಉಳೀಲಿಲ್ಲ.
ಚೌಕಿದ್ದದ್ದು ಮೂರುಮೂಲಿ ಆಗಿ ಕುಂತಿತ್ತು,
ಅವೇ ಬೀಜ, ಅದ ಕಟ್ಟಿ.

"ಎಲ್ಲಾ ಸಂಖ್ಯೆಗೆ ಬರೂದಲ್ಲ ಈ ವಿದ್ಯಾ.
ಒಂದಕ್ಕ ಬರತೈತಿ, ಅದೇನು ಒಂಟಿ ಬೀಜ, ಹೆಂಗಿಟ್ಟರೂ ಸೈ.
ಆಮ್ಯಾಲೆ ಇದಕ್ಕ.
ಆಮ್ಯಾಲೆ ಸಾವಿರದ ಇನ್ನೂರಾ ಇಪ್ಪತ್ತೈದರ ತನಕ
ಹಾದಿ ಕಾಯಬೇಕು ನೋಡವಾ."
ನನ್ನ ಕಡೆ ಹೊಳ್ಳಿ ಅಂದರು:
"ಲಗ್ನಕ್ಕ ಜಾತಕ ಕೂಡಸೂದೂ ಹಿಂಗ.
ವರ್ಣಕ್ಕ ಒಂದು, ವಶ್ಯಕ್ಕ ಎರಡು,
ಹಂಗ ಇಳಕೋತ ನಾಡಿಗೆ ಎಂಟು.
ಪೂರಾ ಕೂಡಿದ್ರ ಮೂವತ್ತಾರು ಗುಣ.
ಜಗಳಕ್ಕೂ ಅದ ಅಂಕಿ, ಅಕ್ಕಿಕಾಳಿಗೂ ಅದ.
ಎರಡಕ್ಕ ಹಂಚು, ಮೂರಕ್ಕ, ನಾಕಕ್ಕ,
ಆರಕ್ಕ, ಒಂಬತ್ತಕ್ಕ, ಹನ್ನೆರಡಕ್ಕ, ತಕರಾರಿಲ್ಲ.
ಐದಕ್ಕ ಹಂಚಾಕ ಹೋದ್ರ ಒಂದು ಉಳದ ಬಿಡತೈತಿ."
ನಮ್ಮ ಮನ್ಯಾಗ ಐದು ಮಂದಿ ಅಣ್ಣತಮ್ಮರು.
ನಾ ಏನೂ ಮಾತಾಡಲಿಲ್ಲ.

ಅಷ್ಟರಾಗ ಕೋಳಿಯೊಂದು ಕಟ್ಟಿ ಹತ್ತಿ
ಗಣಿತನ್ನೆಲ್ಲಾ ಕೆದರಿ ಹೋತು.
ಹುಡುಗಿ ಆರಿಸಿ ಎಣಿಸಿದಳು: ಮೂವತ್ತೈದು.
ಚೌಕಾ ಹೂಡಿದ್ರ ಮೂಲಿ ಖಾಲಿ.
ಮೂರುಮೂಲಿ ಹೂಡಿದ್ರೂ ಮೂಲಿ ಖಾಲಿ.
ಹುಡುಕೋತ ಹುಡುಕೋತ ಬಲಗಡಿ ಹೊಸ್ತಲದ ತನಕ ಹೋದಳು.
ಹಸಿ ಬಣ್ಣದ ಬಾಜೂಕ
ಇಂದೂತಾಯಿ ಸೀತಾಫಲ ತಿನಕೋತ ಕುಂತಿದ್ದರು.
ಹುಡುಗೀನ ನೋಡಿದರು. ಬಾಯಿಂದ ಒಂದು ಬೀಜ ತಗದು,
ಸೆರಗಿಗೆ ಒರಸಿ, ಅಂಗೈಯಾಗ ಇಟ್ಟರು.
ಕರಿ ಬೀಜ, ಸಣ್ಣದು, ಹುಣಸಿದಲ್ಲ.
ಮಾಸ್ತರ್ರು ಅದನ್ನ ತುದಿಗೆ ಇಟ್ಟು,
"ಲೆಕ್ಕಕ್ಕ ನಡೀತೈತಿ" ಅಂದರು.
ದುಂಡವ್ವ ಕಿಟಕ್ಯಾಗ ನಿಂತಿದ್ದಳು. ಒಳಗ ಹೋದಳು.

ದುಂಡವ್ವ ಇಪ್ಪತ್ತು ಕೊಟ್ಟಳು.
ಇಂದೂತಾಯಿ ಹದಿನಾರು; ನಾಕು ಉದ್ರಿ.

ಡಬ್ಬಿ ಎತಕೊಂಡು ಮುಂದಿನ ಬಾಗಲಕ್ಕ ನಡದೆ.
ಮೂವತ್ತೇಳನ್ನ ಯಾರಿಗೂ ಹಂಚಾಕ ಬರೂದಿಲ್ಲ.
ಅಲ್ಲಿ ದರ್ಜಿ ದಾವಲಸಾಬ ಒಬ್ಬಾವ ಇರತಾನ,
ಹೆಗಲಮ್ಯಾಲೆ ಟೇಪು, ಮೂಲ್ಯಾಗ ಹಳೇ ಗಜಕೋಲು.
"ಗಜಕ್ಕ ಮೂವತ್ತಾರು ಇಂಚು," ಅಂದ
ಹಲ್ಲಾಗ ಗುಂಡಪಿನ್ನು ಕಚ್ಚಿಕೊಂಡ,
"ನಾ ಒಂದು ಹೆಚ್ಚಿಗಿ ಬಿಟ್ಟ ಕತ್ತರಸತೀನಿ,
ಹೊಲಿಗಿ ಒಳಗ ಹೋಗತೈತಲ್ಲ."